ಅರ್ಧ ಇಳಿದ ಎಳನೀರು

೨೦ ಮೇ ೧೯೮೬, ಮಂಗಳವಾರ. ಹೊನ್ನವಳ್ಳಿ.

ಬುಡೇನ್ ಸಾಬರ ರಂಜಾನ್ ಉಪವಾಸ ನನ್ನ ಕೈಯಿಂದ ಕೆಟ್ಟಿತೇ? ಮಧ್ಯಾಹ್ನದಿಂದ ಇದೊಂದೇ ಕೊರೆತ.

ಕೊಬ್ಬರಿ ಕೊಳ್ಳಲು ಬಂದ ಸಾಬರು ನಮ್ಮ ಅಟ್ಟದ ಕಾಯಿಗಳನ್ನು ಕಿವಿಯ ಬಳಿ ಅಲ್ಲಾಡಿಸಿ, ಕೊಬ್ಬರಿಯಾಗಿದೆಯೇ ಎಂದು ನೋಡಿ, ಬೆವರು ಸುರಿಸಿಕೊಂಡು ಇಳಿದರು. ಎಳನೀರು ಕೆತ್ತಲು ನಮ್ಮ ಸೀಮೆಯ ಕೈಗಳು ತಲೆಯ ಅಪ್ಪಣೆ ಕೇಳುವುದಿಲ್ಲ. ಕೆತ್ತಿ ಕೊಟ್ಟೆ. ಅವರೂ ಎತ್ತಿದರು. ಅರ್ಧ ಇಳಿದ ಮೇಲೆ ಕಣ್ಣು ಅಗಲವಾಯಿತು, ಬಾಯಲ್ಲಿದ್ದುದನ್ನು ಉಗಿದರು.

"ಅಯ್ಯೋ ಮೇಷ್ಟ್ರೇ, ರೋಜಾ ಕಣ್ರೀ, ಉಪಾಸ!"

ನಾನು ಹಣೆ ಚಚ್ಚಿಕೊಂಡೆ. ಅವರೇ ಸಮಾಧಾನ ಹೇಳಿದರು: "ಬುಡಿ, ಮರ್ತು ಕುಡುದ್ರೆ ರೋಜಾ ಮುರಿಯಲ್ಲ. ಅಲ್ಲಾನೇ ಕುಡಿಸ್ದ ಅಂತೀವಿ ನಮ್ಮಲ್ಲಿ. ನಿಯತ್ತು ನೆಟ್ಟಗಿದ್ರೆ ಆಯ್ತು. ನೀವೂ ಮರ್ತಿದ್ರಿ, ನಿಮ್ದೇನು ತಪ್ಪು?"

ಏಕಾದಶಿಯ ಹೆಸರಲ್ಲಿ ಎರಡು ತಟ್ಟೆ ಉಪ್ಪಿಟ್ಟು ಬಾರಿಸುವ ನನಗೆ, ಸೂರ್ಯ ಮುಳುಗುವವರೆಗೆ ಗುಟುಕು ನೀರೂ ಮುಟ್ಟದವರು ಸಮಾಧಾನ ಹೇಳುವುದು! ನಕ್ಕೆ.

ಹಣೆ ಚಚ್ಚಿಕೊಂಡದ್ದು ನಾಟಕ. ಕೆತ್ತುವಾಗ ಮರೆತಿದ್ದೆ, ನಿಜ. ಆದರೆ ಅವರು ತುಟಿಗಿಡುವಷ್ಟರಲ್ಲಿ ನೆನಪಾಗಿತ್ತು. ಕೊಟ್ಟ ಕೈಯಿಂದಲೇ ಹೇಗೆ ಕಿತ್ತುಕೊಳ್ಳುವುದೆಂದು ನಾಚಿ, ಸುಮ್ಮನೆ ನೋಡುತ್ತಾ ನಿಂತೆ. ಮರೆತವರ ರೋಜಾ ಉಳಿಯಿತು. ನೆನಪಿದ್ದವನಿಗೆ ಯಾವ ರಿಯಾಯಿತಿ?

ನಾಳೆ ಸಂಜೆ ಅವರು ರೋಜಾ ಬಿಟ್ಟ ಮೇಲೆ ಹೋಗಿ ಹೇಳಿಬಿಡಬೇಕು. ಒಂದು ಎಳನೀರು ಒಯ್ಯಲೇ? ಬೇಡ, ಲಂಚದಂತೆ ಕಾಣುತ್ತದೆ. ಬರಿಗೈಯಲ್ಲಿ ಹೋದರೆ ಮಾತು ಎಲ್ಲಿಂದ ಶುರುಮಾಡಲಿ, "ಸಾಬರೇ, ನಾನು ಮರೆತಿರಲಿಲ್ಲ" ಎಂದೇ?