ಅಜ್ಜಿಯ ಬಿ.ಪಿ. ಮಾತ್ರೆ

ನಾಗವೇಣಿ ಅಕ್ಕಾ,

ನಾನು ನಿಮ್ಮ ಬೆಳಗಿನ ರೇಡಿಯೋ ಕಾರ್ಯಕ್ರಮದ ದೊಡ್ಡ ಫ್ಯಾನ್. ಕಾರ್ಯಕ್ರಮದ ಚಾಟ್‌ನಲ್ಲಿ ಹಾಕಿದ್ರೆ ಎಲ್ಲರೂ ಓದ್ತಾರೆ ಅಂತ ಕಾಗದ ಬರೀತಿದ್ದೀನಿ.

ನಮ್ಮಜ್ಜಿ ಮರೀತಾರೆ, ನೆನಪಿಸಿ ಅಂತ ನಾನು ಕೇಳಿಕೊಂಡಾಗಿಂದ ನೀವು ದಿನಾ "ಚಿನ್ನಕ್ಕಜ್ಜಿ, ಬಿ.ಪಿ. ಮಾತ್ರೆ ನುಂಗಿದ್ರಾ?" ಅಂತೀರಲ್ಲ, ಅಜ್ಜಿ "ನುಂಗ್ದೆ ಕಣವ್ವಾ" ಅಂತ ರೇಡಿಯೋಗೇ ಹೇಳೋರು.

ಅಜ್ಜಿ ಹೋಗಿ ಹದಿನಾರು ದಿನ ಆಯ್ತು. ನಿಮಗೆ ತಿಳಿಸೋಕೆ ನನಗೆ ಮನಸ್ಸು ಬರಲಿಲ್ಲ. ನೀವು ಕೇಳ್ತಾನೇ ಇದ್ದೀರಿ. ಕೇಳಿದ ತಕ್ಷಣ ತಾತ ಅಜ್ಜಿ ಮಾತ್ರೆ ತಾವೇ ನುಂಗಿ, "ನುಂಗಿದ್ಲು ಕಣವ್ವಾ" ಅಂತಾರೆ. ತಾತನಿಗೆ ಬಿ.ಪಿ.ನೇ ಇಲ್ಲ. ನಿನ್ನೆ ತಲೆ ಸುತ್ತಿ ಹಿತ್ತಲಲ್ಲಿ ಬಿದ್ದರು. ಮಾತ್ರೆ ಬಚ್ಚಿಟ್ಟರೆ ಅಳ್ತಾರೆ.

ನಮ್ಮ ಮಾತು ಕೇಳಲ್ಲ, ನಿಮ್ಮದು ಕೇಳ್ತಾರೆ. ಈ ಕಾಗದ ಸಿಕ್ಕಿದ ತಕ್ಷಣ ಒಂದೇ ಒಂದು ಸಲ ಹೇಳ್ತೀರಾ ಅಕ್ಕಾ, "ತಾತಾ, ಅಜ್ಜಿಗೆ ಇನ್ನು ಮಾತ್ರೆ ಬೇಡ" ಅಂತ?

ದಿನಾ ಕೇಳೋ,
ಶ್ರಾವಣಿ, ಗುಡಿಬಂಡೆ