ಬಿಚ್ಚಿ ಹೊಲಿದ ಸೊಂಟಪಟ್ಟಿ

ಆಸ್ಪತ್ರೆಯ ಎರಡನೇ ಮಹಡಿ, ಕಿಟಕಿ ಪಕ್ಕದ ಬೆಂಚು
ಗುರುವಾರ, ಹನ್ನೆರಡನೇ ತಾರೀಕು, ಬೆಳಗ್ಗೆ

ನನ್ನ ಮುದ್ದು ದೊರೆಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯಪ್ಪಾ? ಅಪ್ಪನಿಂದ ನಿನಗೂ ಬಂದ ಆ ಮೊಣಕೈ ಹಿಂದಿನ ಕಲೆ ಈಗಲೂ ಬಿರಿಯುತ್ತದೆಯೇ? ಬೆಳಗ್ಗೆ ಎದ್ದ ಕೂಡಲೇ ಬೆರಳು ಮಡಚಲು ಬರುತ್ತದೆಯೇ, ಇಲ್ಲ ಬಸ್ಸಿನ ಸ್ಟೇರಿಂಗ್ ಹಿಡಿದು ಅರ್ಧ ಗಂಟೆಯಾದ ಮೇಲೇ ಸಡಿಲವಾಗುತ್ತದೆಯೇ? ಅಪ್ಪನ ಬಗ್ಗೆ ಈಗ ಗಾಬರಿ ಬೇಡ. ಸೋಮವಾರ ಇಸ್ತ್ರಿಪೆಟ್ಟಿಗೆ ಹಿಡಿದವರು ಹಾಗೇ ಎದೆ ಒತ್ತಿಕೊಂಡು ನಮ್ಮ ಹೊಲಿಗೆ ಅಂಗಡಿಯಲ್ಲೇ ಕುಸಿದರು, ಹೃದಯಾಘಾತ, ಉಳಿದುಕೊಂಡರು ಎಂದಷ್ಟೇ ಫೋನಿನಲ್ಲಿ ಹೇಳಿದ್ದೆ. ಹೇಳಲಾಗದೆ ನುಂಗಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ.

ಛೀ, ನನಗೆ ಎಲ್ಲರ ಮೇಲೂ ಹೇಸಿಗೆ ಬಂದುಬಿಟ್ಟಿದೆ ಕಣೋ. ಬಟ್ಟೆ ತರೋಣವೆಂದು ಮನೆಗೆ ಹೋಗಿ ನಿಮ್ಮಪ್ಪನ ಡ್ರಾಯರ್ ಎಳೆದರೆ, ಹಿಂಡಿ ಹಿಪ್ಪೆ ಮಾಡಿದ ಮುಲಾಮಿನ ಟ್ಯೂಬುಗಳು ಒಂದಕ್ಕೊಂದು ಅಂಟಿಕೊಂಡು ನಾರುತ್ತಿದ್ದವು. ಅದರಡಿ ನನಗೆ ಕಾಣದಂತೆ ಬಚ್ಚಿಟ್ಟ ಕ್ರೀಮ್ ಬಿಸ್ಕತ್ತು! ಇಪ್ಪತ್ತು ವರ್ಷ ಈ ಮಹಾರಾಯರು ಮೈಗೆ ಬಳಿದುಕೊಂಡದ್ದೇ ಬಂತು, ಒಂದು ದಿನ ರಕ್ತಪರೀಕ್ಷೆ ಮಾಡಿಸಲಿಲ್ಲ. ಕೇಳಿದರೆ, "ಇದು ಚರ್ಮದ ಕಾಯಿಲೆ ಕಣೇ, ಒಳಗೇನಿರುತ್ತೆ ಮಣ್ಣು!" ಇನ್ನು ನಿನ್ನ ಚಿಕ್ಕಪ್ಪ. ನೋಡಲು ಬಂದವನು ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ, ಮಂಚದಿಂದ ಮಾರು ದೂರ ಎಳೆದುಕೊಂಡು ಕೂತ. ಸೋರಿಯಾಸಿಸ್ ಅಂಟುರೋಗವಲ್ಲ ಎಂದು ಸಾವಿರ ಸಲ ಹೇಳಿದ್ದೇನೆ, ಆ ಪುಣ್ಯಾತ್ಮನ ತಲೆಗೆ ಹೋದರೆ ತಾನೆ? ಹಾಸಿಗೆ ಕೊಡವಿದಾಗ ಉದುರುವ ಅವರ ಚರ್ಮದ ಹೊಟ್ಟು ನನಗೆ ಯಾವತ್ತೂ ಅಸಹ್ಯವಾಗಿರಲಿಲ್ಲ. ಇವನ ಕರ್ಚೀಫು ಕಂಡು ಅಸಹ್ಯವಾಯಿತು.

ಎಲ್ಲಕ್ಕಿಂತ ಹೆಚ್ಚು ಹೇಸಿಗೆ ನನ್ನ ಮೇಲೆ. ಡಾಕ್ಟರಮ್ಮ ಕೇಳಿದರು, "ಇವರ ಹೊಟ್ಟೆ ಯಾವಾಗಿಂದ ಹೀಗಿದೆ?" ಅಂಗಡಿಯಿಂದ ಹಾಗೇ ಓಡಿ ಬಂದಿದ್ದೆನಲ್ಲ, ಟೇಪು ಇನ್ನೂ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ಮೂವತ್ತನಾಲ್ಕು, ಮೂವತ್ತಾರು, ಮೂವತ್ತೊಂಬತ್ತು, ನಲವತ್ತಮೂರು ಎಂದು ಅವರ ಸೊಂಟದ ಅಳತೆಗಳ ಬಾಯಿಪಾಠ ಒಪ್ಪಿಸಿದೆ. "ಪಟ್ಟಿ ಉಜ್ಜಿ ಗಾಯ ಆಗ್ತಿದೆ, ಸ್ವಲ್ಪ ಸಡಿಲ ಮಾಡೇ" ಎಂದು ನಿಮ್ಮಪ್ಪ ಅಂದಾಗಲೆಲ್ಲ ಪ್ಯಾಂಟಿನ ಸೊಂಟ ಬಿಚ್ಚಿ ಹೊಲಿದವಳು ನಾನೇ. ಅವರು ಒಂದಿಂಚು ಅಂದರೆ, ಬೇಜಾರು ಮಾಡಿಕೊಂಡಾರೆಂದು ಹೇಳದೆ ಎರಡಿಂಚು ಬಿಟ್ಟೆ. ಸುಲಿದ ಚರ್ಮಕ್ಕೆ ಜಾಗ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ, ಜಾಗ ಮಾಡಿಕೊಟ್ಟದ್ದು ಹೊಟ್ಟೆಗೆ! ಬೀದಿಯವರ ಸೊಂಟವನ್ನೆಲ್ಲ ಅಳೆದವಳಿಗೆ ಗಂಡನ ಸೊಂಟ ಕಾಣಲಿಲ್ಲ. ಥೂ!

ಡಾಕ್ಟರಮ್ಮ ಬೈಯಲಿಲ್ಲ. ಈ ಕಾಯಿಲೆಯ ಉರಿ ಚರ್ಮದಲ್ಲಿ, ಕೀಲಿನಲ್ಲಿ ಮಾತ್ರ ಇರುವುದಿಲ್ಲವಂತೆ, ಒಳಗೂ ಇರುತ್ತದಂತೆ. ಇಂಥವರಿಗೆ ಸಕ್ಕರೆ ಕಾಯಿಲೆ, ಬಿಪಿ, ರಕ್ತದಲ್ಲಿ ಕೊಬ್ಬು, ಹೃದಯದ ತೊಂದರೆ ಬೇರೆಯವರಿಗಿಂತ ಹೆಚ್ಚಂತೆ. ಕೀಲು ನೋವೆಂದು ನಡೆಯುವುದು ಬಿಟ್ಟರೆ ತೂಕ ಏರುತ್ತದೆ, ತೂಕ ಏರಿದರೆ ನೋವೂ ಏರುತ್ತದೆ. ಅಪ್ಪನಿಗೂ ಸಕ್ಕರೆ ಇದೆಯೆಂದು ಇಲ್ಲಿಗೆ ಬಂದ ಮೇಲೇ ಗೊತ್ತಾಯಿತು, ಯಾವ ಕಾಲದಿಂದ ಇತ್ತೋ, ಯಾರಿಗೆ ಗೊತ್ತು.

ಕಣ್ಣು ಬಿಟ್ಟ ಕೂಡಲೇ ನಿನ್ನನ್ನೇ ಕೇಳಿದರು. ಹೊತ್ತಿಗೆ ಸರಿಯಾಗಿ ಊಟ ಮಾಡು, ಬಸ್ಸು ನಿಲ್ಲಿಸಿದಾಗ ಇಳಿದು ನಾಲ್ಕು ಹೆಜ್ಜೆ ಓಡಾಡು. ನೂರು ವರ್ಷ ಚೆನ್ನಾಗಿ ಬಾಳು ಕಂದಾ.

ನಿನ್ನ ದರ್ಜಿ ಅಮ್ಮ

ಮರೆತಿದ್ದೆ: ಹೊಸ ಬಟ್ಟೆಯ ಜೊತೆ ಅಳತೆಗೆಂದು ನೀನು ಕಳಿಸಿದ ಹಳೆಯ ಯೂನಿಫಾರ್ಮ್ ಪ್ಯಾಂಟು ತಲುಪಿದೆ. ಜೇಬಿನಲ್ಲಿದ್ದ ಚೀಟಿಯನ್ನೂ ಓದಿದೆ. "ಪಟ್ಟಿ ಉಜ್ಜುತ್ತಿದೆ ಅಮ್ಮಾ, ಎರಡಿಂಚು ಬಿಟ್ಟು ಹೊಲಿ." ಹೊಲಿಯುವುದಿಲ್ಲ. ಹೊಸ ಬಟ್ಟೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಮೊದಲು ಸಕ್ಕರೆ, ಬಿಪಿ, ಕೊಬ್ಬು ಪರೀಕ್ಷೆ ಮಾಡಿಸಿ ಅದರ ಚೀಟಿ ಕಳಿಸು. ನನ್ನ ಟೇಪನ್ನು ಈ ಕವರಿನಲ್ಲೇ ಇಟ್ಟಿದ್ದೇನೆ. ಹೊಟ್ಟೆ ಒಳಗೆಳೆದುಕೊಳ್ಳದೆ ಅಳೆ.