ಸಂಘದ ತಾರಸಿಯ ಡಿಶ್

ಉಪ್ಪುಂದ
೧೯-೫-೨೦೧೩

ಪ್ರೀತಿಯ ತಮ್ಮ ಲೀಲಾಧರನಿಗೆ,

ಅಕ್ಕನ ಆಶೀರ್ವಾದಗಳು. ರತ್ನಾಗಿರಿಯ ನೀರು ಒಗ್ಗಿತೇ? ಹೋಟೆಲಿನ ಗಲ್ಲಾದಲ್ಲಿ ದಿನವಿಡೀ ಕುಳಿತರೆ ನಿನ್ನ ಬೆನ್ನುನೋವು ಹೆಚ್ಚುವುದು ಖಂಡಿತ. ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ನನ್ನ ಮೊಣಕಾಲು ಇದ್ದಂತೆಯೇ ಇದೆ. ನಿನ್ನ ಪತ್ರದಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳ ಭೇದವೇ ಇರಲಿಲ್ಲ. ಅಧ್ಯಾಪಕಿಯ ತಮ್ಮನಿಗೆ ಅದು ಶೋಭಿಸುವುದಿಲ್ಲ. ಆದರೂ ಮತ್ತೆ ಮತ್ತೆ ಓದಿದೆ.

ಇಲ್ಲಿ ಮಳೆಗಾಲದ ಸಿದ್ಧತೆ ನಡೆದಿದೆ. ಕೇರಿಯಲ್ಲಿ ಹೊದಿಕೆಯಿಲ್ಲದ ವಸ್ತುವೇ ಇಲ್ಲ. ಸೌದೆಗೆ ಹೆಣೆದ ತೆಂಗಿನ ಮಡಲು, ಬಲೆಗೆ ಟರ್ಪಾಲು, ಬಾವಿಯ ಪಂಪಿಗೆ ಗೋಣಿ. ನಾನೂ ಜಗಲಿಯ ಪಡುದಿಕ್ಕಿಗೆ ತಟ್ಟಿ ಕಟ್ಟಿಸಿದೆ. ಮೋಡ ಕಂಡರೆ ಸಾಕು, ನಮ್ಮವರ ಕೈ ಹಗ್ಗ ಹುಡುಕುತ್ತದೆ.

ನೀನು ಕಂಪನಿಯಲ್ಲಿದ್ದಾಗ ತ್ರಾಸಿಯ ಲಾಡ್ಜಿನಲ್ಲಿ ಕೂರಿಸಿದ ಡಿಶ್ ಈಗಲೂ ಕೆಲಸ ಮಾಡುತ್ತಿದೆಯಂತೆ. ಕೊಕ್ಕರ್ಣೆಯಲ್ಲಿ ದೂರವಾಣಿಯ ತಂತಿಯೂ ತಲುಪದ ಆ ಮನೆಯ ಹುಡುಗಿ ಅನ್ವಿತಾ, ನಿಮ್ಮ ಕಂಪನಿಯ ಉಪಗ್ರಹ ಅಂತರಜಾಲದಲ್ಲೇ ಓದಿ ಪರೀಕ್ಷೆ ಮುಗಿಸಿದಳು. ಅವಳ ತಂದೆ ಬಸ್ಸಿನಲ್ಲಿ ಸಿಕ್ಕಾಗ ಮೊದಲು ಕೇಳಿದ್ದು ನಿನ್ನನ್ನು. ನಮ್ಮ ಮೀನುಗಾರರ ಸಂಘದ ತಾರಸಿಯ ಡಿಶ್ ಮಾತ್ರ ನೀನು ಹೋದ ಮೇಲೆ ಕೆಟ್ಟು ಸುಮ್ಮನೆ ನಿಂತಿದೆ. ಅದರ ಅಂಚಿನಲ್ಲಿ ಕಾಗೆ ಕೂರುತ್ತದೆ.

ಮರೆಯಬೇಕೆಂದರೂ ಆಗುತ್ತಿಲ್ಲ, ಲೀಲಾ. ಸಂಘದ ಐತ ಪ್ರತಿ ಸಂಜೆ ಕಂಪ್ಯೂಟರಿನಲ್ಲಿ ಸಮುದ್ರದ ಮುನ್ಸೂಚನೆ ನೋಡುತ್ತಿದ್ದ; ಅಪಾಯವಿದ್ದರೆ ಕೆಂಪು ಬಾವುಟ ಏರಿಸುತ್ತಿದ್ದ. ಕಳೆದ ಮಳೆಗಾಲದ ಆ ಸಂಜೆ ಪರದೆಯ ಮೇಲೆ ಏನೂ ಬರಲಿಲ್ಲ. ಬಾವುಟವೂ ಏರಲಿಲ್ಲ. ಬಾವುಟವಿಲ್ಲದ ಧೈರ್ಯದಲ್ಲಿ ನಸುಕಿಗೇ ನಾಡದೋಣಿ ಇಳಿಸಿದ ನಾಗನೂ ಬಚ್ಚನೂ ಮರಳಲಿಲ್ಲ. ಮರುದಿನ ನೀನು ಬೈಂದೂರಿನಿಂದ ಓಡಿಬಂದು ಪರೀಕ್ಷಿಸಿದರೆ ಸಂಪರ್ಕ ಸರಿಯಾಗಿಯೇ ಇತ್ತು. “ಹ್ವಾಯ್ ಲೀಲಣ್ಣ, ನಿನ್ನೆ ಸತ್ತದ್ದ್ ಇವತ್ತ್ ಹ್ಯಾಂಗ್ ಬದ್ಕಿ ಬಂತ್?” ಎಂದು ಸಂಘದ ಚಂದಯ್ಯ ಎಲ್ಲರೆದುರು ಕೇಳಿದ. ನಿನ್ನಲ್ಲಿ ಉತ್ತರವಿರಲಿಲ್ಲ. ನಿನ್ನ ಕಂಪನಿಯಲ್ಲೂ ಇರಲಿಲ್ಲ. ಉತ್ತರವಿಲ್ಲದವನನ್ನು ಊರು ಅಪರಾಧಿಯೆಂದು ತೀರ್ಮಾನಿಸಿತು. ನೀನೂ ಹಾಗೆಯೇ ನಂಬಿ ಊರು ಬಿಟ್ಟೆ.

ನಾಗನ ಮಗ ರತನ್ ಈ ಮಳೆಗಾಲ ಅಪ್ಪನ ಜಾಗದಲ್ಲಿ ದೋಣಿ ಹತ್ತುತ್ತಾನೆ. ಅವನ ತಾಯಿ ಸುಗುಣ ದಾರಿಯಲ್ಲಿ ಕಂಡರೂ ಈಚೆಗೆ ನನ್ನ ಮುಖ ನೋಡುವುದಿಲ್ಲ. ಅದು ನಿನ್ನ ಮೇಲಿನ ಸಿಟ್ಟೆಂದೇ ನನ್ನ ಎಣಿಕೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನ ಮನಸ್ಸಿಗೆ ನೆಮ್ಮದಿ ಕೊಡಲಿ.

ನಿನ್ನ ಅಕ್ಕ,
ಸರಸ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಸುಗುಣ ಬಂದಳು. ಕುಳಿತುಕೊಳ್ಳಲೂ ಇಲ್ಲ. “ಟೀಚ್ರೇ, ಆವತ್ತ್ ಆ ಡಿಶ್ಶಿಗೆ ಟರ್ಪಾಲು ಕಟ್ಟದ್ದ್ ನಮ್ಮನಿಯವ್ರೇ. ‘ಪಾಪ, ಲೀಲಣ್ಣ ಕಷ್ಟಪಟ್ಟ್ ಕೂರ್ಸದ್ದ್, ಮಳಿಗ್ ಹಾಳಾತ್ತ್’ ಅಂದ್ರ್” ಎಂದಳು. ನೆನೆದ ದಪ್ಪ ಟರ್ಪಾಲು ಡಿಶ್ಶಿಗೆ ಆಕಾಶವನ್ನೇ ಮರೆಮಾಡಿತು. ದೋಣಿ ಮುಳುಗಿಸಿದ ಗಾಳಿಯೇ ಆ ಟರ್ಪಾಲನ್ನೂ ಹಾರಿಸಿಕೊಂಡು ಹೋಯಿತು. ಬಚ್ಚನ ಸಾವನ್ನು ತನ್ನ ಸತ್ತ ಗಂಡನ ತಲೆಗೆ ಕಟ್ಟಲಾರದೆ ಇವಳು ಬಾಯಿ ಮುಚ್ಚಿಕೊಂಡಿದ್ದಳು. ಇಂದು ಸಂಘದಲ್ಲಿ ಎಲ್ಲರೆದುರು ಹೇಳಿಯೇ ಇಲ್ಲಿಗೆ ಬಂದಿದ್ದಾಳೆ. ಕೇಳಿದ್ದೇ ಬಚ್ಚನ ತಾಯಿ ಎದ್ದು ಹೋದಳಂತೆ. ಹೊರಡುವಾಗ ಸುಗುಣ ಬೇಡಿದ್ದು ಇಷ್ಟೇ: “ಲೀಲಣ್ಣಂಗ್ ಬಪ್ಪುಕ್ ಹೇಳಿ. ನನ್ನ್ ಮಗ ದೋಣಿ ಹತ್ತುಕ್ ಮುಂಚೆ ಆ ಡಿಶ್ ಸರಿ ಆಯ್ಕ್.”